ಊರಿನ ಪಾಲು: ಕೊಡಗಿನ ಧವಸ, ಜೇನು, ಕಾಫಿಯ ಲೆಕ್ಕ

ನಿಮ್ಮ ಊರಿನ ಬಸ್ ತಂಗುದಾಣವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅದರ ಹಣೆಯ ಮೇಲೆ ‘ಇಂಥವರ ಕೊಡುಗೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿರುವುದನ್ನು ನೀವು ನೋಡಿರುತ್ತೀರಿ. ಶಾಲೆಯ ಗೋಡೆ ಗಡಿಯಾರದ ಮೇಲೆ, ಕುಡಿಯುವ ನೀರಿನ ತೊಟ್ಟಿಯ ಮೇಲೆ, ಕ್ರೀಡಾಕೂಟದ ಕಮಾನಿನ ಮೇಲೆ ಇಂಥದೇ ಬರಹ. ಅಕ್ಕಿ ಗಿರಣಿಯವರು, ಸಾಮಿಲ್ಲಿನವರು, ಬಸ್ ಮಾಲೀಕರು, ಎಸ್ಟೇಟಿನವರು, ಈಚಿನ ವರ್ಷಗಳಲ್ಲಿ ಹೋಂಸ್ಟೇ ನಡೆಸುವವರು. ಕೊಡಗಿನಲ್ಲಂತೂ ಬೇಸಿಗೆ ಬಂತೆಂದರೆ ಹಾಕಿ ಪಂದ್ಯಗಳು; ಮೈದಾನದ ಸುತ್ತ ಇಂಥ ಹೆಸರುಗಳ ಬಟ್ಟೆ ಫಲಕಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿರುತ್ತವೆ.

ಇದನ್ನು ನಾನು ಹಳಿಯುತ್ತಿಲ್ಲ. ಜೂನ್ ತಿಂಗಳ ಮಳೆಯಲ್ಲಿ ಬಸ್ಸಿಗೆ ಕಾದು ನಿಂತವನಿಗೆ ತಂಗುದಾಣ ಯಾರು ಕಟ್ಟಿಸಿದರೂ ತಂಗುದಾಣವೇ. ಆದರೆ ಅಲ್ಲಿ ನಿಂತಿರುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಊರಿನ ನೆಲ, ನೀರು, ದುಡಿಮೆ, ಗಿರಾಕಿ ಇವುಗಳಿಂದ ಬೆಳೆದ ವ್ಯಾಪಾರವೊಂದು ಊರಿಗೆ ಏನಾದರೂ ಹಿಂದಿರುಗಿಸಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಹಿಂದಿರುಗಿಸದಿದ್ದರೆ ‘ಎಲ್ಲಿ ನಮ್ಮ ಪಾಲು?’ ಎಂದು ಕೇಳುವ ಹಕ್ಕು ಯಾರಿಗಿದೆ? ತಂಗುದಾಣ ಕಟ್ಟಿಸಿಕೊಟ್ಟವರನ್ನು ನೀವು ಹಾಗೆ ಕೇಳಲಾರಿರಿ. ಅದು ಅವರ ಔದಾರ್ಯ. ಕೇಳುವ ಹಕ್ಕನ್ನೇ ನಿಯಮವಾಗಿ ಬರೆದಿಟ್ಟುಕೊಂಡ ವ್ಯಾಪಾರಗಳೂ ನಮ್ಮ ಹಳ್ಳಿಗಳಲ್ಲಿವೆ. ಅವುಗಳ ಹೆಸರು ಗೋಡೆಯ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಕೊಡಗಿನಲ್ಲಿ ಇಂಥವು ಬಹಳ ಹಿಂದಿನಿಂದ ಇರುವುದರಿಂದ ಅಲ್ಲಿಂದಲೇ ಕೆಲವು ಉದಾಹರಣೆಗಳನ್ನು ನೋಡೋಣ.

ಕಕ್ಕಡದಲ್ಲಿ ಕೊಟ್ಟ ಬತ್ತ

ಕೊಡಗಿನಲ್ಲಿ ಪ್ರಯಾಣ ಮಾಡಿದವರು ರಸ್ತೆಬದಿಯಲ್ಲಿ ‘ಧವಸ ಭಂಡಾರ’ ಎಂಬ ಫಲಕಗಳನ್ನು ಗಮನಿಸಿರಬಹುದು. ಹೆಸರು ಕೇಳಿ ಇದು ದಿನಸಿ ಅಂಗಡಿ ಎಂದು ತಿಳಿದವರೂ ಉಂಟು. ಅದು ಅಂಗಡಿಯಲ್ಲ, ಬತ್ತದ ಬ್ಯಾಂಕು.

ಇದರ ಅಗತ್ಯ ತಿಳಿಯಬೇಕಾದರೆ ಅಲ್ಲಿನ ಪಂಚಾಂಗವನ್ನು ಸ್ವಲ್ಪ ತಿಳಿಯಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡವರ ಲೆಕ್ಕದಲ್ಲಿ ಕಕ್ಕಡ ಮಾಸ. ಹಗಲೂ ರಾತ್ರಿ ಮಳೆ. ಗದ್ದೆಯಲ್ಲಿ ನಾಟಿಯ ಕೆಲಸ ಮೈಮುರಿಯುವಷ್ಟು. ಅದೇ ಹೊತ್ತಿಗೆ ಮನೆಯ ಪತ್ತಾಯದಲ್ಲಿ ಹಳೆಯ ಬತ್ತ ತಳ ಕಾಣುತ್ತದೆ. ಹೊಸ ಬತ್ತ ಬರುವುದು ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ, ಪುತ್ತರಿ ಹಬ್ಬಕ್ಕೆ. ಈ ನಾಲ್ಕೈದು ತಿಂಗಳ ಕಂದರವನ್ನು ಬಡ ಒಕ್ಕಲು ದಾಟುವುದು ಹೇಗೆ? ಹಿಂದೆ ಇದ್ದ ದಾರಿ ಒಂದೇ: ವರ್ತಕನಲ್ಲಿ ಸಾಲ.

ಆ ಸಾಲದ ಕಷ್ಟ ಬಡ್ಡಿಯಲ್ಲಿ ಮಾತ್ರವಿರಲಿಲ್ಲ. ಲೆಕ್ಕ ಮಾಡಿ ನೋಡೋಣ. ಅಂಕಿಗಳು ತಿಳಿಯಲು ಅನುಕೂಲವಾಗಲೆಂದು ನಾನೇ ಹಾಕಿಕೊಂಡವು. ಕಕ್ಕಡದಲ್ಲಿ ಬತ್ತದ ಬೆಲೆ ಮೂಟೆಗೆ 1,500 ರೂಪಾಯಿ ಇದೆ ಎನ್ನಿ. ಹತ್ತು ಮೂಟೆ ತಂದರೆ 15,000 ರೂಪಾಯಿ ಸಾಲ. ಸುಗ್ಗಿಯಲ್ಲಿ ಎಲ್ಲರ ಬತ್ತವೂ ಒಟ್ಟಿಗೆ ಬರುವುದರಿಂದ ಬೆಲೆ ಇಳಿದು 1,200 ಆಗುತ್ತದೆ. ಈಗ ಅದೇ 15,000 ರೂಪಾಯಿ ತೀರಿಸಲು ಹನ್ನೆರಡೂವರೆ ಮೂಟೆ ಮಾರಬೇಕು. ಬಡ್ಡಿಯ ಮಾತೇ ಎತ್ತದೆ ಎರಡೂವರೆ ಮೂಟೆ ಹೋಯಿತು! ದುರ್ಭಿಕ್ಷದ ಬೆಲೆಗೆ ಕೊಂಡು ಸುಭಿಕ್ಷದ ಬೆಲೆಗೆ ಮಾರುವುದೇ ಬಡವನ ಹಣೆಬರಹವಾಗಿತ್ತು.

ಧವಸ ಭಂಡಾರ ಮಾಡಿದ್ದು ಸರಳವಾದ ಕೆಲಸ. ಸಾಲವನ್ನು ಬತ್ತದಲ್ಲೇ ಕೊಟ್ಟು ಬತ್ತದಲ್ಲೇ ಹಿಂದಕ್ಕೆ ಪಡೆಯಿತು. ಹತ್ತು ಮೂಟೆ ಒಯ್ದವನು ಸುಗ್ಗಿಯ ನಂತರ ಹತ್ತು ಮೂಟೆಯ ಜೊತೆಗೆ ಬಡ್ಡಿಯೆಂದು ಇಷ್ಟು ಬತ್ತ ಅಳೆದು ಕೊಡುತ್ತಾನೆ. ಬೆಲೆ ಏರಲಿ ಇಳಿಯಲಿ, ಅವನಿಗೆ ಚಿಂತೆಯಿಲ್ಲ. ಬಡ್ಡಿಯ ಬತ್ತ ಯಾರೊಬ್ಬರ ಮನೆಗೂ ಹೋಗದೆ ಭಂಡಾರದ ಕಣಜಕ್ಕೇ ಸೇರುತ್ತದೆ. ಮುಂದಿನ ವರ್ಷ ಇನ್ನೂ ಒಂದು ಮನೆಗೆ ಸಾಲ ಕೊಡುವಷ್ಟು ಕಣಜ ಬೆಳೆಯುತ್ತದೆ. ಇಲ್ಲಿ ‘ಊರಿಗೆ ಕೊಟ್ಟದ್ದು’ ಯಾವುದು, ‘ವ್ಯಾಪಾರ’ ಯಾವುದು ಎಂದು ಬೇರ್ಪಡಿಸಿ ತೋರಿಸಿ ನೋಡೋಣ. ಆಗುವುದಿಲ್ಲ. ವ್ಯಾಪಾರ ನಡೆದ ರೀತಿಯಲ್ಲಿಯೇ ಕೊಡುಗೆ ಇತ್ತು.

ಮುಂದೆ ಗದ್ದೆಗಳು ಕಡಿಮೆಯಾದವು. ಕೆಲವು ಬೀಳುಬಿದ್ದವು, ಕೆಲವಕ್ಕೆ ಶುಂಠಿ ಬಂತು, ಕೆಲವು ಕಾಫಿ ತೋಟಗಳಾದವು. ಅನೇಕ ಭಂಡಾರಗಳು ಬತ್ತ ಬಿಟ್ಟು ಹಣದ ಸಾಲಕ್ಕೆ, ಗೊಬ್ಬರ ಮಾರಾಟಕ್ಕೆ ತಿರುಗಿದವು. ಫಲಕದ ಮೇಲೆ ಮಾತ್ರ ಹಳೆಯ ಹೆಸರು ಉಳಿದಿದೆ.

ಇಂಥ ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟು ದೊರೆತದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಿಂದ. ಮರುವರ್ಷವೇ, ಅಂದರೆ 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಹಕಾರ ಸಂಘ ನೋಂದಣಿಯಾದದ್ದು ನಿಮ್ಮ ಪಠ್ಯದಲ್ಲಿ ಬಂದಿರಬಹುದು. ಆಗ ಬ್ರಿಟಿಷರ ಮುಖ್ಯ ಕಮಿಷನರ ಆಡಳಿತಕ್ಕೆ ಒಳಪಟ್ಟ ಪ್ರತ್ಯೇಕ ಪ್ರಾಂತವಾಗಿದ್ದ ಕೊಡಗೂ ಈ ದಾರಿ ಹಿಡಿಯಿತು. 1921ರಲ್ಲಿ ಅಲ್ಲಿನ ಕೇಂದ್ರ ಸಹಕಾರ ಬ್ಯಾಂಕು ಹುಟ್ಟಿತು. ಅದಾದ ಹದಿನೈದು ವರ್ಷಕ್ಕೆ ಬಂದದ್ದು, ನನಗೆ ಬಹಳ ಪ್ರಿಯವಾದ ಉದಾಹರಣೆ.

ತುಡುವೆಯ ಸಂಘ

1936ರಲ್ಲಿ ವಿರಾಜಪೇಟೆಯಲ್ಲಿ ಕೊಡಗು ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಆರಂಭವಾಯಿತು. ಹೆಸರಿನಲ್ಲಿ ‘ಮೇಣ’ವೂ ಇರುವುದನ್ನು ಗಮನಿಸಿ, ಅದರ ಕಾರಣಕ್ಕೆ ಮತ್ತೆ ಬರೋಣ.

ನಮ್ಮ ಕಾಡುಗಳಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ ಎಂದು ಹಲವು ಬಗೆಯ ಜೇನುಗಳಿವೆ. ಹೆಜ್ಜೇನು ಎತ್ತರದ ಕೊಂಬೆಗೆ ತೆರೆದ ಹಲ್ಲೆ ಕಟ್ಟುತ್ತದೆ; ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ತುಡುವೆ ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಕತ್ತಲಿರುವ ಕಡೆ ಸಾಲು ಸಾಲಾಗಿ ಹಲ್ಲೆ ಕಟ್ಟುವುದರಿಂದ ಪೆಟ್ಟಿಗೆಗೆ ಒಗ್ಗುತ್ತದೆ. ಹಿಂದಿನವರು ಮಡಕೆಯನ್ನೋ ಟೊಳ್ಳು ಮರದ ತುಂಡನ್ನೋ ಇಟ್ಟು ತುಡುವೆಯನ್ನು ಬರಮಾಡಿಕೊಳ್ಳುತ್ತಿದ್ದರು. ಜೇನು ಬೇಕಾದಾಗ ಹಲ್ಲೆಯನ್ನು ಕಿತ್ತು ಹಿಂಡುವುದು. ತುಪ್ಪದ ಜೊತೆ ಮರಿಹುಳುಗಳೂ ಹಿಂಡಿಹೋಗುತ್ತಿದ್ದವು, ಕುಟುಂಬವೇ ನಾಶವಾಗುತ್ತಿತ್ತು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ತಿರುಚ್ಚಿಯಲ್ಲಿದ್ದ ಜೆಸುಯಿಟ್ ಪಾದ್ರಿ ನ್ಯೂಟನ್ ಎಂಬವರು ತುಡುವೆಗೆ ಹೊಂದುವ ಸಣ್ಣ ಪೆಟ್ಟಿಗೆಯೊಂದನ್ನು ರೂಪಿಸಿದರು. ಅದರೊಳಗೆ ಎತ್ತಿ ಇಳಿಸಬಹುದಾದ ಚೌಕಟ್ಟುಗಳು. ಕೆಳಗಿನ ಕೋಣೆಯಲ್ಲಿ ಮರಿಗಳು, ಮೇಲಿನ ಅಂತಸ್ತಿನಲ್ಲಿ ಜೇನು. ಮೇಲಿನ ಚೌಕಟ್ಟನ್ನಷ್ಟೇ ತೆಗೆದು ತಿರುಗುವ ಯಂತ್ರದಲ್ಲಿಟ್ಟರೆ ತುಪ್ಪ ಹೊರಗೆ ಬರುತ್ತದೆ. ಖಾಲಿ ಹಲ್ಲೆ ಮುರಿಯದೆ ಮತ್ತೆ ಪೆಟ್ಟಿಗೆಗೆ ಹೋಗುತ್ತದೆ. ನ್ಯೂಟನ್ ಪೆಟ್ಟಿಗೆ ಎಂಬ ಹೆಸರು ನಮ್ಮ ಮಲೆನಾಡಿನಲ್ಲಿ ಇಂದಿಗೂ ಬಳಕೆಯಲ್ಲಿದೆ.

ಈಗ ಒಬ್ಬ ಸಣ್ಣ ರೈತನ ಜಾಗದಲ್ಲಿ ನಿಂತು ಯೋಚಿಸಿ. ತುಡುವೆಯ ಒಂದು ಪೆಟ್ಟಿಗೆ ವರ್ಷಕ್ಕೆ ಕೊಡುವುದು ಕೆಲವೇ ಕಿಲೋ ಜೇನು. ಅದಕ್ಕಾಗಿ ಅಳತೆ ತಪ್ಪದ ಪೆಟ್ಟಿಗೆ ಬೇಕು, ತಿರುಗುವ ಯಂತ್ರ ಬೇಕು, ಹೇಳಿಕೊಡುವವರು ಬೇಕು. ಕಾಫಿ ಹೂವಿನ ಕಾಲದಿಂದ ಮುಂಗಾರಿನ ಆರಂಭದವರೆಗೆ ಜೇನಿಗೆ ಸುಗ್ಗಿ. ಮಳೆ ಹಿಡಿಯಿತೆಂದರೆ ಹೂವೂ ಇಲ್ಲ, ಹಾರಲು ಬಿಡುವೂ ಇಲ್ಲ, ಸಕ್ಕರೆ ಪಾಕ ಕೊಟ್ಟು ಕುಟುಂಬವನ್ನು ಉಳಿಸಿಕೊಳ್ಳಬೇಕು. ಇಷ್ಟೆಲ್ಲ ಮಾಡಿ ಎರಡು ಮೂರು ಕಿಲೋ ಜೇನನ್ನು ಪೇಟೆಗೆ ಒಯ್ದರೆ ಅಂಗಡಿಯವನು ಹೇಳಿದ್ದೇ ಬೆಲೆ. ಅದೂ ಮಳೆನಾಡಿನ ಜೇನಿನಲ್ಲಿ ನೀರಿನಂಶ ಹೆಚ್ಚು. ಶೇಕಡಾ 20ಕ್ಕಿಂತ ಹೆಚ್ಚಿದ್ದರೆ ಅದು ಬೇಗ ಹುಳಿ ಹಿಡಿಯುತ್ತದೆ. ಹದವಾಗಿ ಕಾಯಿಸಿ, ಸೋಸಿ, ನೀರಿನಂಶ ಇಳಿಸದೆ ಬಾಟಲಿಗೆ ತುಂಬುವಂತಿಲ್ಲ. ಒಬ್ಬೊಬ್ಬರ ಮನೆಯಲ್ಲಿ ಇದು ಸಾಧ್ಯವೇ?

ಒಬ್ಬೊಬ್ಬರಿಗೆ ಆಗದ್ದನ್ನು ಸಂಘ ಒಟ್ಟಾಗಿ ಮಾಡುತ್ತದೆ. ಸದಸ್ಯ ತಂದ ಜೇನನ್ನು, ಅರ್ಧ ಕಿಲೋ ಆದರೂ ಸರಿ, ತೂಗಿ ಕೊಳ್ಳುವುದು. ಸಂಸ್ಕರಿಸಿ ಒಂದೇ ಹೆಸರಿನಲ್ಲಿ ಮಾರುವುದು. ಮೇಣದ ಮಾತು ಬಂದದ್ದು ಇಲ್ಲಿಯೇ. ಮೇಣವನ್ನು ಕರಗಿಸಿ ತೆಳು ಹಾಳೆಯಾಗಿ ಒತ್ತಿ ಚೌಕಟ್ಟಿಗೆ ಅಂಟಿಸಿದರೆ ಹುಳುಗಳು ಅದರ ಮೇಲೆಯೇ ಹಲ್ಲೆ ಕಟ್ಟುತ್ತವೆ. ಮೊದಲಿನಿಂದ ಮೇಣ ಸ್ರವಿಸುವ ಶ್ರಮ ಅವಕ್ಕೆ ಉಳಿಯುತ್ತದೆ. ಅಂದರೆ ಪೆಟ್ಟಿಗೆಯಿಂದ ಬಂದ ಮೇಣ ಪೆಟ್ಟಿಗೆಗೇ ಹಿಂದಿರುಗುತ್ತದೆ. ಭಾಗಮಂಡಲದಲ್ಲಿಯೂ ಜೇನು ಕೃಷಿಕರ ಸಂಘ ಬೆಳೆಯಿತು, ಸರ್ಕಾರದ ತರಬೇತಿ ಕೇಂದ್ರವೂ ಬಂತು. ‘ಕೊಡಗಿನ ಜೇನು’ ಎಂಬ ಎರಡು ಪದಗಳಿಗೆ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಬೆಲೆ ಬಂದದ್ದು ಹೀಗೆ.

ಜೇನಿಗೆ ಇನ್ನೂ ಒಂದು ಗುಣವಿದೆ, ಇದನ್ನು ಮರೆಯಬೇಡಿ: ಅದಕ್ಕೆ ಜಮೀನು ಬೇಡ. ಮನೆಯ ಹಿತ್ತಲಲ್ಲಿ ಒಂದು ಪೆಟ್ಟಿಗೆ ಇಡಲು ಜಾಗವಿದ್ದರೆ ಸಾಕು, ಹುಳು ಯಾರ ತೋಟಕ್ಕಾದರೂ ಹಾರಿ ಹೋಗಿ ಬರುತ್ತದೆ. ಬೇಲಿ, ಪಹಣಿ ಇವುಗಳನ್ನು ಅದು ಕೇಳುವುದಿಲ್ಲ.

ಆಮೇಲೆ ಆಪತ್ತು ಬಂತು. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಲಾದ ವೈರಸ್ ರೋಗವೊಂದು 1978ರ ಹೊತ್ತಿಗೆ ನಮ್ಮ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡಿತು. 1991–92ರಲ್ಲಿ ಕೇರಳ, ಕರ್ನಾಟಕಗಳನ್ನು ಮುಟ್ಟಿತು. ಥಾಯ್ ಸ್ಯಾಕ್‌ಬ್ರೂಡ್ ಎಂದು ಅದರ ಹೆಸರು. ಮರಿಹುಳು ನೀರು ತುಂಬಿದ ಪುಟ್ಟ ಚೀಲದಂತಾಗಿ ಸಾಯುತ್ತದೆ. ಮದ್ದಿಲ್ಲ. ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಒಂದೆರಡು ವರ್ಷಗಳಲ್ಲಿ ಅಳಿದವು. ಬೆಳಿಗ್ಗೆ ಗುಂಯ್‌ಗುಡುತ್ತಿದ್ದ ಹಿತ್ತಲುಗಳು ಮೌನವಾದವು. ಖಾಲಿ ಪೆಟ್ಟಿಗೆಗಳು ಕೊಟ್ಟಿಗೆಯ ಅಟ್ಟ ಸೇರಿದವು. ಬದುಕುಳಿದ ಕೆಲವು ಕುಟುಂಬಗಳಿಂದ, ಕಾಡಿನಿಂದ ಬಂದ ಹೊಸ ಹಿಂಡುಗಳಿಂದ ಜೇನು ಸಾಕಣೆ ನಿಧಾನವಾಗಿ ಚೇತರಿಸಿಕೊಂಡಿತು. ಹಿಂದಿನ ವೈಭವಕ್ಕೆ ಮರಳಿತೆಂದು ಹೇಳಲಾರೆ.

ಇಂಥ ಹೊತ್ತಿನಲ್ಲಿಯೇ ಸಂಘಕ್ಕೂ ಸಾಮಾನ್ಯ ಅಂಗಡಿಗೂ ಇರುವ ವ್ಯತ್ಯಾಸ ಕಾಣುವುದು. ಸರಕು ನಿಂತರೆ ವರ್ತಕ ಬೇರೆ ಸರಕಿಗೆ ಹೋಗುತ್ತಾನೆ, ತಪ್ಪೇನಿಲ್ಲ. ಸದಸ್ಯರದೇ ಸಂಘಕ್ಕೆ ಹಾಗೆ ಹೋಗಲು ಬೇರೆ ಊರಿಲ್ಲ.

ಇನ್ನೊಂದು ಮಾತು. ಪ್ರವಾಸಿಗಳು ಓಡಾಡುವ ರಸ್ತೆಗಳಲ್ಲಿ ಇಂದು ‘ಕೊಡಗಿನ ಜೇನು’ ಎಂಬ ಚೀಟಿ ಅಂಟಿಸಿದ ಬಾಟಲಿಗಳು ಬೇಕಾದಷ್ಟು ಸಿಗುತ್ತವೆ. ಎಲ್ಲವೂ ಕೊಡಗಿನದೇ ಎಂದು ನಂಬಬೇಡಿ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನಡೆಸಿದ ತನಿಖೆಯಲ್ಲಿ ದೇಶದ ಹಲವು ಪ್ರಸಿದ್ಧ ಹೆಸರುಗಳ ಜೇನಿನಲ್ಲಿಯೇ ಸಕ್ಕರೆ ಪಾಕದ ಕಲಬೆರಕೆ ಕಂಡುಬಂದಿತ್ತು. ಸುಳ್ಳು ಚೀಟಿಯ ಬಾಟಲಿ ಊರಿನ ಹೆಸರನ್ನು ಬಳಸಿಕೊಳ್ಳುತ್ತದೆ, ಊರಿಗೆ ಒಂದು ಪೈಸೆ ಕೊಡುವುದಿಲ್ಲ.

ಲಾಭವನ್ನು ಹಂಚುವ ಬಗೆ

ಸಹಕಾರ ಸಂಘದ ಲಾಭ ಎಲ್ಲಿ ಹೋಗುತ್ತದೆ? ನಮ್ಮ ರಾಜ್ಯದ ಸಂಘಗಳಿಗೆ ಅನ್ವಯಿಸುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ. ಅದರಂತೆ ನಿವ್ವಳ ಲಾಭದ ಕನಿಷ್ಠ ನಾಲ್ಕನೆಯ ಒಂದು ಭಾಗ ಕಾಯ್ದಿಟ್ಟ ನಿಧಿಗೆ ಹೋಗಲೇಬೇಕು. ಲಕ್ಷ ರೂಪಾಯಿ ಲಾಭ ಬಂದರೆ 25,000 ರೂಪಾಯಿಯನ್ನು ಮೊದಲೇ ಎತ್ತಿಡಬೇಕು. ಒಂದು ಸಣ್ಣ ಪಾಲು ಸಹಕಾರ ಶಿಕ್ಷಣ ನಿಧಿಗೆ. ಷೇರಿನ ಮೇಲೆ ಕೊಡುವ ಲಾಭಾಂಶಕ್ಕೆ ಮಿತಿಯಿದೆ. ಉಳಿದದ್ದರಲ್ಲಿ ಕಟ್ಟಡ ನಿಧಿ, ಸದಸ್ಯರ ಮರಣ ನಿಧಿ, ಸಾರ್ವಜನಿಕ ಉಪಯೋಗದ ನಿಧಿ, ಬೋನಸ್ ಮುಂತಾದುವು. ಯಾವುದಕ್ಕೆ ಎಷ್ಟು ಎಂದು ತೀರ್ಮಾನಿಸುವುದು ಸದಸ್ಯರ ವಾರ್ಷಿಕ ಮಹಾಸಭೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಸದಸ್ಯ ಎಷ್ಟು ಷೇರು ಹಾಕಿದ್ದರೂ ಒಂದೇ ಮತ. ಬೋನಸ್ಸನ್ನು ಲೆಕ್ಕ ಹಾಕುವುದು ಅವನು ಹೂಡಿದ ಹಣದ ಮೇಲಲ್ಲ, ಸಂಘದೊಡನೆ ಮಾಡಿದ ವ್ಯವಹಾರದ ಮೇಲೆ. ಮನೆಯಲ್ಲಿ ಹಣವಿಲ್ಲದಿದ್ದರೂ ಹೆಚ್ಚು ಜೇನು ತಂದವನಿಗೆ ಹೆಚ್ಚು ಬೋನಸ್. ಎರಡನೆಯದು ಕಾಯ್ದಿಟ್ಟ ನಿಧಿಯ ಸ್ವಭಾವ. ಅದನ್ನು ಸದಸ್ಯರು ತಮ್ಮೊಳಗೆ ಹಂಚಿಕೊಳ್ಳುವಂತಿಲ್ಲ. ಸಂಘ ಬಿಟ್ಟು ಹೋಗುವವನು ತನ್ನ ಷೇರು ಹಣ ಪಡೆದಾನು, ಆ ನಿಧಿಯ ಪಾಲು ಕೇಳಲಾರ. ತಾತ ಜೇನು ಹಾಕಿದ ವರ್ಷಗಳ ಲಾಭ ಮೊಮ್ಮಗನ ಕಾಲದ ಕಷ್ಟಕ್ಕೆಂದು ಉಳಿದಿರುತ್ತದೆ. ತಂಗುದಾಣಕ್ಕಿಂತ ದೊಡ್ಡ ಕೊಡುಗೆ ಇದು. ಹೆಸರು ಬರೆಯಲು ಗೋಡೆ ಮಾತ್ರ ಇಲ್ಲ.

ಎಲ್ಲ ಸಂಘಗಳೂ ಹೀಗೆ ಚೆನ್ನಾಗಿ ನಡೆಯುತ್ತವೆ ಎಂದು ಭಾವಿಸಬೇಡಿ. ಹತ್ತು ಜನ ಬಂದು ಸಹಿ ಹಾಕಿ ಊಟ ಮಾಡಿ ಹೋಗುವ ಮಹಾಸಭೆಗಳೂ ಇವೆ. ಹಕ್ಕು ಬರಹದಲ್ಲಿದ್ದರೆ ಸಾಲದು, ಕೇಳುವವರು ಬೇಕು.

ಬ್ರೆಜಿಲ್ಲಿನ ಹಿಮ, ಕೊಡಗಿನ ದಾನ

ಕಾಫಿಯ ಮಾತಿಲ್ಲದೆ ಕೊಡಗಿನ ವ್ಯಾಪಾರದ ಮಾತು ಮುಗಿಯುವುದಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಪುಟ್ಟ ಜಿಲ್ಲೆಯದು.

ದೊಡ್ಡ ಎಸ್ಟೇಟುಗಳು ಕೊಡುವುದರಲ್ಲಿ ಒಂದು ಭಾಗ ಕೊಡುಗೆಯೇ ಅಲ್ಲ, ಕರ್ತವ್ಯ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ವೈದ್ಯಕೀಯ ನೆರವು, ಶಿಶುವಿಹಾರ ಇವುಗಳನ್ನು ನಿಗದಿತ ಗಾತ್ರಕ್ಕಿಂತ ದೊಡ್ಡ ತೋಟಗಳ ಮಾಲೀಕರ ಹೊಣೆಯನ್ನಾಗಿ ಮಾಡಿತು. ಲೈನ್ ಮನೆಗೆ ಹೆಂಚು ಹೊದಿಸಿದ್ದನ್ನು ಯಾರಾದರೂ ದಾನವೆಂದು ಹೇಳಿದರೆ ನೀವು ನಯವಾಗಿ ಈ ಕಾಯ್ದೆಯನ್ನು ನೆನಪಿಸಬಹುದು.

ಕರ್ತವ್ಯದ ಆಚೆಗೆ ಹೋದವರೂ ಇದ್ದಾರೆ. ಪೊಳ್ಳಿಬೆಟ್ಟದಲ್ಲಿ ನೆಲೆಗೊಂಡಿದ್ದ ಕನ್ಸಾಲಿಡೇಟೆಡ್ ಕಾಫಿ ಕಂಪೆನಿ ಟಾಟಾ ಸಮೂಹಕ್ಕೆ ಸೇರಿದ ಮೇಲೆ, 1994ರಲ್ಲಿ, ಕೂರ್ಗ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆ ಹುಟ್ಟಿತು. 2003ರಲ್ಲಿ ಸುಂಟಿಕೊಪ್ಪದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ‘ಸ್ವಸ್ಥ’ ಎಂಬ ಶಾಲೆ ಆರಂಭವಾಯಿತು. ಅಂಥ ಮಗುವಿರುವ ತೋಟದ ಕೂಲಿ ಮನೆಯನ್ನು ಒಮ್ಮೆ ಊಹಿಸಿಕೊಳ್ಳಿ. ಮೈಸೂರಿಗೆ ಕರೆದೊಯ್ಯಲು ಹಣವಿಲ್ಲ, ಮನೆಯಲ್ಲಿ ಬಿಟ್ಟು ಹೋದರೆ ನೋಡುವವರಿಲ್ಲ. ಹತ್ತಿರದಲ್ಲೇ ಒಂದು ಶಾಲೆ ಇರುವುದರ ಅರ್ಥ ಆ ತಾಯಿಗೆ ಗೊತ್ತು. ಅಮ್ಮತ್ತಿಯ ಗ್ರಾಮೀಣ ಆಸ್ಪತ್ರೆಗೂ ಈ ಕಂಪೆನಿಯ ಬೆಂಬಲವಿತ್ತು. 2000ದಲ್ಲಿ ಟಾಟಾ ಕಾಫಿ ಎಂದು ಹೆಸರು ಬದಲಿಸಿಕೊಂಡ ಆ ಕಂಪೆನಿ 2024ರ ಆರಂಭದಲ್ಲಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಸಮೂಹದೊಳಗೆ ವಿಲೀನವಾಯಿತು.

ಈಗ ಇಂಥ ದೊಡ್ಡ ಕಂಪೆನಿಗಳಿಗೆ ಕಾನೂನಿನ ಒತ್ತಾಯವೂ ಇದೆ. 2013ರ ಕಂಪೆನಿಗಳ ಕಾಯ್ದೆಯ 135ನೆಯ ವಿಧಿ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂದು ಹೇಳುತ್ತದೆ. ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅಲ್ಲಿದೆ. ಆದರೆ ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು, ಹತ್ತು ಹೆಕ್ಟೇರಿಗಿಂತ ಚಿಕ್ಕವು. ಈ ಕಾನೂನು ಅವರ ಹತ್ತಿರಕ್ಕೂ ಸುಳಿಯುವುದಿಲ್ಲ.

ಸಣ್ಣ ಬೆಳೆಗಾರನ ಕೊಡುಗೆ ಬೆಲೆಯನ್ನು ನೆಚ್ಚಿಕೊಂಡಿರುತ್ತದೆ. ಒಂದು ಕಾಲದಲ್ಲಿ ಕಾಫಿ ಮಂಡಳಿ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರಿ ಕಂತಿನಲ್ಲಿ ಹಣ ಕೊಡುತ್ತಿತ್ತು. 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿ ಕೊನೆಗೊಂಡು ಬೆಳೆಗಾರ ನೇರವಾಗಿ ಲೋಕದ ಮಾರುಕಟ್ಟೆಯ ಎದುರು ನಿಂತ. 1994ರಲ್ಲಿ ಬ್ರೆಜಿಲ್ ದೇಶದ ತೋಟಗಳಲ್ಲಿ ಹಿಮ ಬಿದ್ದು ಗಿಡಗಳು ಕರಟಿದಾಗ ಇಲ್ಲಿ ಬೆಲೆ ಏರಿತು. ಆ ದಿನಗಳಲ್ಲಿ ದೇವಸ್ಥಾನಕ್ಕೂ ಶಾಲೆಗೂ ಕೈಬಿಚ್ಚಿ ಕೊಟ್ಟವರನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ಕುಸಿದಾಗ ಕೊಡುವ ಕೈಗಳೇ ಸಾಲ ಕೇಳುವ ಕೈಗಳಾದವು. ಶಾಲೆಯ ಛಾವಣಿ ಬ್ರೆಜಿಲ್ಲಿನ ಹವಾಮಾನವನ್ನು ನಂಬಿ ನಿಂತಿರಬಾರದು. ಧವಸ ಭಂಡಾರದ ಹಿರಿಯರು ಬೆಲೆಯನ್ನೇ ಲೆಕ್ಕದಿಂದ ಹೊರಗಿಟ್ಟದ್ದು ಎಂಥ ಜಾಣತನ ಎಂಬುದು ಈಗ ನಿಮಗೆ ಹೊಳೆದಿರಬೇಕು.

ಲೆಕ್ಕದಲ್ಲಿ ಬಾರದವರು

ಕಾಫಿಗೂ ಜೇನಿಗೂ ಒಂದು ನಂಟಿದೆ. ಕೊಡಗಿನ ಕಾಫಿಯಲ್ಲಿ ರೊಬಸ್ಟಾ ತಳಿಯದೇ ಮೇಲುಗೈ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಚ್ಚಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಫೆಬ್ರವರಿ–ಮಾರ್ಚಿಯ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಅಷ್ಟರೊಳಗೆ ಪರಾಗ ಸಾಗಿಸುವವರು ಗಾಳಿ ಮತ್ತು ಜೇನು. 2012ರ ಸುಮಾರಿಗೆ ಪ್ರಕಟವಾದ ಕೊಡಗಿನ ಅಧ್ಯಯನಗಳಲ್ಲಿ ಹೆಜ್ಜೇನಿನ ಪಾತ್ರ ದೊಡ್ಡದೆಂದು ಕಂಡುಬಂದಿದೆ. ಆ ಹೆಜ್ಜೇನಿಗೆ ಎತ್ತರದ ಕಾಡುಮರ ಬೇಕು, ಕಾಫಿ ಹೂವಿಲ್ಲದ ತಿಂಗಳುಗಳಲ್ಲಿ ಬೇರೆ ಹೂವು ಬೇಕು. ತೋಟದ ಹಳೆಯ ನೆರಳು ಮರಗಳನ್ನು ಕಡಿದು ಸಾಲಾಗಿ ಸಿಲ್ವರ್ ಓಕ್ ನೆಟ್ಟವನು ಮರದ ಹಣ ಪಡೆದ. ಹೆಜ್ಜೇನು ಕಟ್ಟುವ ಮರ ಹೋಯಿತು. ಪಕ್ಕದ ತೋಟದವನ ಫಸಲಿಗೂ ಅದರ ನಷ್ಟ ತಟ್ಟುತ್ತದೆ. ಊರಿಗೆ ಹಿಂದಿರುಗಿಸಬೇಕಾದದ್ದು ಹಣವೇ ಆಗಿರಬೇಕಿಲ್ಲ. ಒಂದು ನೇರಳೆ ಮರವನ್ನು ಉಳಿಸುವುದೂ ಆಗಬಹುದು.

ಮನುಷ್ಯರಲ್ಲಿಯೂ ಲೆಕ್ಕಕ್ಕೆ ಬಾರದವರಿದ್ದಾರೆ. ಹಳ್ಳಿಯ ಕೃಷಿ ಪತ್ತಿನ ಸಂಘ ಬೆಳೆ ಸಾಲ ಕೊಡುವುದು ಜಮೀನಿನ ಆಧಾರದ ಮೇಲೆ. ಜಮೀನಿಲ್ಲದ ಲೈನ್ ಮನೆಯ ಕಾರ್ಮಿಕ, ಯರವ ಅಥವಾ ಕುರುಬ ಕುಟುಂಬ, ಅಲ್ಲಿ ಬಹುಮಟ್ಟಿಗೆ ಹೊರಗಿನವರು. ಕಾಫಿ ಕೊಯ್ದವರು ಅವರೇ. ಆದರೆ ಮರಣ ನಿಧಿ, ಬೋನಸ್, ಮಕ್ಕಳ ಬಹುಮಾನ ಇವೆಲ್ಲ ಸದಸ್ಯರ ಮನೆಗಳಿಗೆ. ನಿಯಮ ತಪ್ಪಿಲ್ಲ, ಲೆಕ್ಕವೂ ಸರಿಯಾಗಿದೆ, ಆದರೂ ಊರಿನ ಅರ್ಧ ಭಾಗ ಆ ಲೆಕ್ಕದ ಪುಸ್ತಕದಲ್ಲಿ ಇಲ್ಲ. ಹಸು ಸಾಕಿದ ಯಾರಿಗೂ ಬಾಗಿಲು ತೆರೆಯುವ ಹಾಲಿನ ಸಂಘ, ಜಮೀನು ಬೇಡದ ಜೇನಿನ ಸಂಘ ಈ ವಿಷಯದಲ್ಲಿ ಉದಾರ. ಆದ್ದರಿಂದಲೇ ಜೇನಿಗೆ ಜಮೀನು ಬೇಡ ಎಂಬುದನ್ನು ಮರೆಯಬೇಡಿ ಎಂದೆ.

ಜೇನು ಕುರುಬರ ಹೆಸರಿನಲ್ಲೇ ಜೇನಿದೆ. ರಾತ್ರಿ ಹೊತ್ತು ಹೊಗೆ ಹಾಕಿ ಎತ್ತರದ ಮರವೇರಿ ಹೆಜ್ಜೇನು ಇಳಿಸುವ ವಿದ್ಯೆ ಅವರದು. ಅವರಿಗೆ ನ್ಯಾಯವಾದ ಬೆಲೆ ಸಿಗಲೆಂದು ಬಂದವು ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು. ಜನ ಅವನ್ನು ‘ಲ್ಯಾಂಪ್ಸ್’ ಎಂದು ಕರೆಯುತ್ತಾರೆ. ಕೊಡಗಿನಲ್ಲಿ ತಿತಿಮತಿ, ಬಸವನಹಳ್ಳಿಗಳಲ್ಲಿ ಇವೆ. ಜೇನು, ಸೀಗೆಕಾಯಿ, ಅಂಟುವಾಳ, ಮರಪಾಚಿ ಮುಂತಾದ ಕಾಡಿನ ಕಿರು ಉತ್ಪನ್ನಗಳು ಇಂಥ ಸಂಘಗಳ ವ್ಯವಹಾರ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ನಿವಾಸಿಗಳಿಗೆ ಕಿರು ಉತ್ಪನ್ನಗಳ ಮೇಲೆ ಒಡೆತನದ ಹಕ್ಕನ್ನೇ ಕೊಟ್ಟಿತು. ಕಾಡಿನ ಜೇನು ಇಳಿಸಿದವನು ಕೂಲಿಯವನಾಗಿ ನಿಲ್ಲದೆ ಮಾಲೀಕನಾಗಿ ತಕ್ಕಡಿಯ ಮುಂದೆ ನಿಲ್ಲಬೇಕೆಂಬುದು ಅದರ ಆಶಯ.

ನಿಮ್ಮ ಊರಿನಲ್ಲಿ ಇದೆಲ್ಲ ಹೇಗಿದೆ ಎಂದು ತಿಳಿಯುವುದು ಕಷ್ಟವಲ್ಲ. ಸಹಕಾರ ಸಂಘಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಹಾಸಭೆಗಳು ಸೆಪ್ಟೆಂಬರ್‌ನೊಳಗೆ ನಡೆಯುತ್ತವೆ. ಮಡಿಕೇರಿಯ ‘ಶಕ್ತಿ’ ದಿನಪತ್ರಿಕೆಯನ್ನು ಆ ತಿಂಗಳು ತೆರೆದು ನೋಡಿ, ಊರೂರಿನ ಸಂಘಗಳ ಸಭೆಯ ಸುದ್ದಿ ಸಿಗುತ್ತದೆ. ಸಭೆಗೆ ಮುಂಚೆ ಅಚ್ಚಾದ ವರದಿಯೊಂದು ಸದಸ್ಯರ ಮನೆಗೆ ಬರುತ್ತದೆ. ಅನೇಕ ಮನೆಗಳಲ್ಲಿ ಅದು ನೇರವಾಗಿ ಹಳೆಯ ಪತ್ರಿಕೆಗಳ ಕಟ್ಟಿಗೆ ಸೇರುತ್ತದೆ. ಅದನ್ನು ಎತ್ತಿಕೊಳ್ಳಿ. ಕೊನೆಯ ಪುಟಗಳಲ್ಲಿ ‘ಲಾಭ ವಿಲೇವಾರಿ’ ಎಂಬ ಪಟ್ಟಿ ಇರುತ್ತದೆ. ಕಾಯ್ದಿಟ್ಟ ನಿಧಿಗೆ ಎಷ್ಟು, ಸಾರ್ವಜನಿಕ ನಿಧಿಗೆ ಎಷ್ಟು, ಆ ಸಾರ್ವಜನಿಕ ನಿಧಿಯಿಂದ ಕಳೆದ ವರ್ಷ ನಿಜವಾಗಿ ಖರ್ಚಾದದ್ದೆಷ್ಟು ಎಂದು ಗುರುತು ಹಾಕಿಕೊಳ್ಳಿ. ಮೊದಲ ಪುಟದಲ್ಲಿ ಸದಸ್ಯರ ಸಂಖ್ಯೆ ಇರುತ್ತದೆ; ಪಂಚಾಯಿತಿಯಿಂದ ನಿಮ್ಮ ಊರಿನ ಮನೆಗಳ ಸಂಖ್ಯೆಯನ್ನು ಕೇಳಿ ತಂದು ಅದರ ಪಕ್ಕದಲ್ಲಿ ಬರೆಯಿರಿ.

ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ಅಂಕ ಗಳಿಸಿದ ಸದಸ್ಯರ ಮಕ್ಕಳನ್ನು ಆ ಸಭೆಗೆ ಕರೆದು ಬಹುಮಾನ ಕೊಡುವ ರೂಢಿ ಅನೇಕ ಸಂಘಗಳಲ್ಲಿದೆ. ನಿಮ್ಮನ್ನೂ ಕರೆದಾರು. ಬಹುಮಾನ ಪಡೆದ ಕೂಡಲೇ ಊಟದ ಸಾಲಿಗೆ ಓಡಬೇಡಿ; ಲಾಭ ವಿಲೇವಾರಿಯ ವಿಷಯ ಬರುವವರೆಗೆ ಹಿಂದಿನ ಬೆಂಚಿನಲ್ಲಿ ಕುಳಿತಿರಿ. ಮತ ಹಾಕಲು ನಿಮಗೆ ಹಕ್ಕಿಲ್ಲ, ಆದರೆ ಪಕ್ಕದಲ್ಲಿ ಕುಳಿತ ಅಜ್ಜಿಗೆ ಇದೆ. ಗುರುತು ಹಾಕಿದ ಪುಟವನ್ನು ಅವರ ಕೈಗೆ ಕೊಡಿ.